ಕೊಡೆಗಿಂತ ಮೊದಲು ಎಳೆ: ಶಾಲಾ ಮಕ್ಕಳಿಗೆ ಶಿಲೀಂಧ್ರ ಕಲಿಸುವ ಬಗೆ

ಮೊದಲ ದಿನ ಪಾಠ ಮಾಡಬೇಡಿ. ಮಕ್ಕಳ ಕೈಗೆ ಅರ್ಧರ್ಧ ಹಾಳೆ ಕೊಟ್ಟು, "ಮಳೆ ಬಿದ್ದ ಮೇಲೆ ಏಳುತ್ತಲ್ಲ, ಆ ಅಣಬೆ ಬರೀರಿ. ನೆಲದ ಮೇಲೆ ಕಾಣೋದೂ ಇರಲಿ, ನೆಲದೊಳಗೆ ಏನಿರಬಹುದು ಅನ್ಸುತ್ತೋ ಅದೂ ಇರಲಿ" ಎಂದಷ್ಟೇ ಹೇಳಿ. ಹೆಚ್ಚಿನ ಚಿತ್ರಗಳಲ್ಲಿ ಕೊಡೆಯ ಕೆಳಗೆ ಗಿಡಕ್ಕಿರುವಂಥ ಬೇರು ಬಂದಿರುತ್ತದೆ. ಕೆಲವರು ಬೀಜವನ್ನೂ ಬರೆದಿರುತ್ತಾರೆ. ಯಾವುದನ್ನೂ ತಿದ್ದದೆ, ಹೆಸರು ಬರೆಸಿ, ಬೀರುವಿನಲ್ಲಿ ಎತ್ತಿಡಿ. ಎರಡು ತಿಂಗಳ ಮೇಲೆ ಆ ಹಾಳೆಗಳು ಬೇಕಾಗುತ್ತವೆ.

ಮುಂದಿನದೆಲ್ಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ 6ರಿಂದ 8ನೇ ತರಗತಿಗೆ ವಿಜ್ಞಾನ ಹೇಳುವವರಿಗೆ. ಪ್ರಯೋಗಾಲಯ ಇಲ್ಲದ ಶಾಲೆಯಲ್ಲೂ ಇವೆಲ್ಲ ಆಗುತ್ತವೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಐದು ಮಕ್ಕಳಿಗೊಂದು, ಗ್ರಾಂ ತೋರಿಸುವ ಸಣ್ಣ ತಕ್ಕಡಿ ಒಂದು, ಇಷ್ಟಿದ್ದರೆ ಸಾಕು.

ಎಳೆಯೇ ಜೀವಿ

ಅಣಬೆ ಇಡೀ ಜೀವಿಯಲ್ಲ. ಬೀಜಾಣು, ಎಂದರೆ ಹೊಸ ಎಳೆ ಮೊಳೆಯುವ ಪುಡಿಯಂಥ ಕಣ, ಉದುರಿಸಲೆಂದು ನಾಲ್ಕು ದಿನ ಮೇಲೆದ್ದು ನಿಲ್ಲುವ ಅಂಗ ಅದು. ಜೀವಿ ಇರುವುದು ಕೆಳಗೆ, ಮಣ್ಣಿನಲ್ಲಿ, ತರಗಿನಲ್ಲಿ, ಕೊಳೆತ ಸೌದೆಯೊಳಗೆ ಹಬ್ಬಿರುವ ಬಿಳಿ ಎಳೆಗಳ ಬಲೆಯಾಗಿ. ಪಠ್ಯಪುಸ್ತಕದಲ್ಲಿ ಇದಕ್ಕೆ ಕವಕಜಾಲ ಎಂಬ ಹೆಸರಿದೆ. ತರಗತಿಯಲ್ಲಿ ಮೊದಮೊದಲು "ಎಳೆ" ಎಂದರೆ ಸಾಕು, ಮಕ್ಕಳ ಬಾಯಲ್ಲಿ ಅದೇ ನಿಲ್ಲುತ್ತದೆ. ಒಂದೊಂದು ಎಳೆ ಸಾಮಾನ್ಯವಾಗಿ ತಲೆಗೂದಲಿನ ಹತ್ತನೇ ಒಂದು ಪಾಲಿನಷ್ಟೂ ದಪ್ಪವಿರುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ನೂರಾರು ಎಳೆ ಒಟ್ಟಾಗಿ ಹೊಸೆದುಕೊಂಡಾಗ ಮಾತ್ರ. ಶ್ರೀನಿವಾಸಪುರದ ಕಡೆಯ ಮಕ್ಕಳಿಗೆ ಹೀಗೆ ಹೇಳಿ: ಅಣಬೆ ಎಂದರೆ ಮಾವಿನಕಾಯಿ, ಮರ ಮಾತ್ರ ಮಣ್ಣಿನೊಳಗಿದೆ.

ಪಾಠ ಸಾಮಾನ್ಯವಾಗಿ ಕೊಡೆಯಿಂದ ಶುರುವಾಗಿ ವಿಧಗಳ ಪಟ್ಟಿಗೆ ಹೋಗುತ್ತದೆ, ಎಳೆ ಕೊನೆಯಲ್ಲೊಂದು ವ್ಯಾಖ್ಯೆಯಾಗಿ ಬರುತ್ತದೆ. ಕ್ರಮವನ್ನು ತಿರುಗಿಸಿ. ಎಳೆಯನ್ನು ಕಣ್ಣಾರೆ ಕಂಡ ಮಗುವಿಗೆ ಬ್ರೆಡ್ಡಿನ ಬೂಷ್ಟು, ರಾಗಿಯ ಬೆಂಕಿ ರೋಗ, ಹುತ್ತದ ಅಣಬೆ, ಇವೆಲ್ಲ ಒಂದೇ ಬಳಗ ಎಂಬುದು ತಾನಾಗಿ ಹೊಳೆಯುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಕೂರಬೇಕು. ನಾವು ತಿಂದು ಅರಗಿಸುತ್ತೇವೆ; ಶಿಲೀಂಧ್ರ ಅರಗಿಸಿ ತಿನ್ನುತ್ತದೆ. ಎಳೆಯ ತುದಿ ಕಿಣ್ವಗಳನ್ನು ಹೊರಗೆ ಸುರಿಸುತ್ತದೆ, ಎಲೆಯೋ ಮರವೋ ಅಲ್ಲೇ ಕರಗುತ್ತದೆ, ಕರಗಿದ್ದನ್ನು ಎಳೆ ಹೀರಿಕೊಳ್ಳುತ್ತದೆ. ಇದಕ್ಕೆ ನೀರು ಬೇಕೇಬೇಕು. ಮಳೆಗಾಲದಲ್ಲಿ ಬೂಷ್ಟು ಹೆಚ್ಚಾಗುವುದೂ, ಚೆನ್ನಾಗಿ ಒಣಗಿಸಿದ ಹಪ್ಪಳ ವರ್ಷಗಟ್ಟಲೆ ಕೆಡದಿರುವುದೂ ಇದೇ ಕಾರಣಕ್ಕೆ. ಹಸಿರು ಬಣ್ಣದ ಪತ್ರಹರಿತ್ತು ಇಲ್ಲ, ಆದ್ದರಿಂದ ಸ್ವಂತ ಆಹಾರ ತಯಾರಿಸುವುದಿಲ್ಲ, ಆದ್ದರಿಂದ ಇದು ಗಿಡ ಅಲ್ಲ. ಕೋಶದ ಗೋಡೆಯಲ್ಲಿ ಜೀರುಂಡೆಯ ಚಿಪ್ಪಿನಲ್ಲಿರುವಂಥದೇ ಕೈಟಿನ್ ಇದೆ. 1969ರಲ್ಲಿ ವಿಜ್ಞಾನಿ ರಾಬರ್ಟ್ ವಿಟೇಕರ್ ಜೀವಿಗಳನ್ನೆಲ್ಲ ಐದು ಸಾಮ್ರಾಜ್ಯಗಳಾಗಿ ಹಂಚುವ ವರ್ಗೀಕರಣ ಮಂಡಿಸಿದಾಗ ಶಿಲೀಂಧ್ರಗಳಿಗೆ ಬೇರೆಯೇ ಸಾಮ್ರಾಜ್ಯ ಕೊಟ್ಟರು. ವಂಶದ ಲೆಕ್ಕದಲ್ಲಿ ಇವು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ.

ಮನೆಯಲ್ಲಿ ಕೇಳಿದ ಹೆಸರುಗಳು

ಮಕ್ಕಳಿಗೆ ಶಿಲೀಂಧ್ರ ಹೊಸದಲ್ಲ, ಹೆಸರಷ್ಟೇ ಹೊಸದು. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಸಾಕುವ ಮನೆಯ ಮಗುವಿಗೆ ಸುಣ್ಣಕಟ್ಟು ರೋಗ ಗೊತ್ತು. ತಿಪಟೂರು, ತುರುವೇಕೆರೆ, ಗುಬ್ಬಿಯ ಮಗುವಿಗೆ ತೆಂಗಿನ ಬುಡದಲ್ಲಿ ತಟ್ಟೆಯಂತೆ ಹೊರಡುವ ಅಣಬೆ ರೋಗ ಗೊತ್ತು, ಬೂಷ್ಟು ಹಿಡಿದ ಕೊಬ್ಬರಿಗೆ ಬೆಲೆ ಬೀಳುವುದೂ ಗೊತ್ತು. ಪಾವಗಡ, ಶಿರಾದವರಿಗೆ ಕಡಲೆಕಾಯಿಗೆ ಹಿಡಿಯುವ ಬೂಷ್ಟು ಗೊತ್ತು. ಮಾವಿನ ಹೂವಿಗೆ ಬರುವ ಬೂದಿ ರೋಗ ಕೋಲಾರದವರಿಗೆ ಹೇಳಿಕೊಡಬೇಕಿಲ್ಲ. "ನಿಮ್ಮ ಮನೆಯಲ್ಲಿ ಬೂಷ್ಟು, ಅಣಬೆ, ಬೂದಿ, ಬೆಂಕಿ ಅಂತ ಯಾವುದಕ್ಕೆ ಹೇಳ್ತಾರೆ? ಅಜ್ಜಿನ, ಅಪ್ಪನ ಕೇಳ್ಕೊಂಡು ಬನ್ನಿ" ಎಂದು ಒಂದು ದಿನದ ಕೆಲಸ ಕೊಡಿ.

ಬರುವ ಪಟ್ಟಿ ಬಹುಪಾಲು ರೋಗಗಳದ್ದೇ ಆಗಿರುತ್ತದೆ. ನಷ್ಟ ಮಾಡಿದ್ದಕ್ಕೆ ಜನ ಹೆಸರಿಡುತ್ತಾರೆ, ಸದ್ದಿಲ್ಲದೆ ತರಗು ಕೊಳೆಸುವುದಕ್ಕೆ ಹೆಸರಿಡುವುದಿಲ್ಲ. ಹಾಗಾಗಿ ಪಟ್ಟಿಯನ್ನು ಹಲಗೆಯ ಎಡಭಾಗದಲ್ಲಿ ಬರೆದು ಬಲಭಾಗ ಖಾಲಿ ಬಿಡಿ. ಮುಂದಿನ ವಾರಗಳಲ್ಲಿ ತುಂಬುತ್ತ ಹೋಗುವುದು ಆ ಬಲಭಾಗವೇ.

ಪಟ್ಟಿ ಮಾಡುವಾಗ ಒಂದು ತಪ್ಪು ನುಸುಳುತ್ತದೆ. ಟೊಮ್ಯಾಟೊ, ಆಲೂಗಡ್ಡೆಗೆ ಬರುವ ಕೊನೆಯ ಅಂಗಮಾರಿ, ದ್ರಾಕ್ಷಿ ಎಲೆಯ ಅಡಿಯಲ್ಲಿ ಬಿಳಿ ತುಪ್ಪಟದಂತೆ ಬರುವ ಬೂಜು ರೋಗ, ಇವೆರಡೂ ಶಿಲೀಂಧ್ರದಂತೆಯೇ ಎಳೆ ಬಿಡುತ್ತವೆ. ಆದರೆ ಅವು ಶಿಲೀಂಧ್ರವಲ್ಲ: ಅವುಗಳ ಗೋಡೆ ಮುಖ್ಯವಾಗಿ ಗಿಡಗಳಲ್ಲಿರುವಂಥ ಸೆಲ್ಯುಲೋಸಿನದು, ವಂಶ ಪಾಚಿಗಳ ಒಂದು ಗುಂಪಿಗೆ ಹತ್ತಿರ. ಟೊಮ್ಯಾಟೊದ ಮೊದಲ ಅಂಗಮಾರಿ, ಎಲೆಯ ಮೇಲೆ ಉಂಗುರದೊಳಗೆ ಉಂಗುರ ಮೂಡಿಸುವುದು, ಅದು ಮಾತ್ರ ನಿಜವಾದ ಶಿಲೀಂಧ್ರ. ಆರನೇ ತರಗತಿಗೆ ಇಷ್ಟು ಆಳ ಬೇಡ. ಎಂಟನೆಯವರು ಕೇಳಿದರೆ ತಪ್ಪು ಉತ್ತರ ಕೊಡಬಾರದಷ್ಟೇ.

ಸುಣ್ಣಕಟ್ಟಿನ ಬಗ್ಗೆ ಎರಡು ಮಾತು ಹೆಚ್ಚೇ ಹೇಳಿ, ಅದರ ಯೋಗ್ಯತೆ ಅಂಥದು. ಬ್ಯೂವೇರಿಯಾ ಎಂಬ ಶಿಲೀಂಧ್ರದ ಬೀಜಾಣು ಹುಳುವಿನ ಚರ್ಮದ ಮೇಲೆ ಕೂತು ಮೊಳೆತು ಒಳಗೆ ಇಳಿಯುತ್ತದೆ. ಸತ್ತ ಹುಳು ಮೆತ್ತಗೆ ಕೊಳೆಯದೆ ಸೆಟೆದು ಗಟ್ಟಿಯಾಗುತ್ತದೆ, ಆಮೇಲೆ ಮೈಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ ಮೂಡುತ್ತದೆ. ಆ ಪುಡಿಯೆಲ್ಲ ಬೀಜಾಣು. ಇಟಲಿಯ ಅಗೊಸ್ಟಿನೊ ಬಾಸಿ ಈ ರೋಗವನ್ನೇ ವರ್ಷಗಟ್ಟಲೆ ಹಿಂಬಾಲಿಸಿ, ಅದಕ್ಕೆ ಕಣ್ಣಿಗೆ ಕಾಣದ ಒಂದು ಜೀವಿ ಕಾರಣ ಎಂದು 1835ರಲ್ಲಿ ಪ್ರಕಟಿಸಿದರು. ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂದು ಸಾಬೀತಾದ ಮೊದಲ ಸಂಗತಿಗಳಲ್ಲಿ ಇದು ಒಂದು, ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ರೇಷ್ಮೆಹುಳುವಿನ ರೋಗಗಳ ಕಡೆ ತಿರುಗುವುದಕ್ಕೆ ಮೂವತ್ತು ವರ್ಷ ಮೊದಲೇ. ಆದರೆ ಸುಣ್ಣಕಟ್ಟು ಬಂದ ಹುಳುವನ್ನು ತರಗತಿಗೆ ತರಿಸಬೇಡಿ. ಅದನ್ನು ಮುಟ್ಟಿದ ಮಗು ಸಂಜೆ ಮನೆಗೆ ಹೋಗಿ ಹುಳುಮನೆಯೊಳಗೆ ಕಾಲಿಟ್ಟರೆ ಬೀಜಾಣುವೂ ಜೊತೆಗೇ ಹೋಗುತ್ತದೆ. ಫೋಟೊ ಸಾಕು.

ಯಾವ ತಿಂಗಳಲ್ಲಿ

ನಮ್ಮದು ಒಣ ಸೀಮೆ. ಕ್ಯಾಲೆಂಡರ್ ನೋಡದೆ ಶುರು ಮಾಡಿದರೆ ಅರ್ಧ ಚಟುವಟಿಕೆ ಕೈಕೊಡುತ್ತವೆ. ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗಸ್ಟ್ ಮಧ್ಯದಲ್ಲಿ ಆರಂಭಿಸಿ ನವೆಂಬರಿಗೆ ಮುಗಿಸುವಂತೆ ಇಟ್ಟುಕೊಳ್ಳಿ. ತರಗು ನೋಡುವುದು ಎರಡು ಒಳ್ಳೆಯ ಮಳೆ ಬಿದ್ದ ಮೂರು ನಾಲ್ಕು ದಿನಕ್ಕೆ. ಫೆಬ್ರವರಿಯಿಂದ ಮೇ ತನಕ ಹೊರಗಿನ ಕೆಲಸ ಯಾವುದೂ ಬೇಡ. ಎಳೆಗಳು ಒಣಗಿ ಕುಗ್ಗಿರುತ್ತವೆ, ಮುಂದೆ ಚೀಲದಲ್ಲಿ ಬೆಳೆಸಲಿರುವ ಚಿಪ್ಪು ಅಣಬೆಗೂ (ಆಯ್‌ಸ್ಟರ್) ಆ ಸೆಕೆ ಆಗದು.

ಮೊದಲ ಪಾಠ: ತರಗಿನ ಅಡಿ

ಹೊಂಗೆ, ಹಲಸು, ಮಾವು ಯಾವುದಾದರೂ ಹಳೆಯ ಮರದ ಕೆಳಗೆ, ಯಾರೂ ಗುಡಿಸದ ಜಾಗ ಹುಡುಕಿ. ಶಾಲೆಯ ಅಂಗಳವನ್ನು ದಿನವೂ ಗುಡಿಸುತ್ತಿದ್ದರೆ ಅಲ್ಲಿ ಏನೂ ಸಿಗದು. ಬೇಲಿಯ ಪಕ್ಕ, ತೋಪು, ದೇವಸ್ಥಾನದ ಹಿಂದೆ ನೋಡಿ. ಹಿಂದಿನ ದಿನ ನೀವೊಬ್ಬರೇ ಹೋಗಿ ಕೋಲಿನಿಂದ ತರಗು ಸರಿಸಿ, ಚೇಳು, ಹಾವು, ಕೆಂಜಿಗ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಪ್ರತಿ ಗುಂಪಿಗೆ ಒಂದಡಿ ಚದರ ಜಾಗ ಹಗ್ಗದಿಂದ ಗುರುತು ಮಾಡಿಕೊಡಿ. ತರಗನ್ನು ಒಂದೇ ಸಲ ಬಾಚಿ ತೆಗೆಯಬಾರದು, ಪುಸ್ತಕದ ಹಾಳೆ ತಿರುಗಿಸುವಂತೆ ಪದರ ಪದರವಾಗಿ ಎತ್ತಬೇಕು. ಮೇಲಿನ ಪದರದಲ್ಲಿ ಎಲೆ ಎಲೆಯಾಗಿಯೇ ಇರುತ್ತದೆ. ಎರಡನೆಯದು ಕಪ್ಪಾಗಿ ಒದ್ದೆಯಾಗಿ ಒಂದಕ್ಕೊಂದು ಅಂಟಿರುತ್ತದೆ. ಆ ಅಂಟಿದ ಎರಡು ಎಲೆಗಳನ್ನು ಮೆಲ್ಲಗೆ ಬಿಡಿಸಿದರೆ ನಡುವೆ ಬಿಳಿ ದಾರ, ಕೆಲವು ಕಡೆ ಬೀಸಣಿಗೆಯಂತೆ ಹರಡಿಕೊಂಡಿರುವುದು, ಅದೇ ಎಳೆ. ಮೂರನೆಯ ಪದರದಲ್ಲಿ ಎಲೆಯ ನರ ಮಾತ್ರ ಉಳಿದು ಜಾಳಿಗೆಯಾಗಿರುತ್ತದೆ. ಅದರ ಕೆಳಗೆ ಮಣ್ಣು. ನಾಲ್ಕೂ ಪದರದಿಂದ ಒಂದೊಂದು ಚೂರು ತೆಗೆದು ರಟ್ಟಿನ ಮೇಲೆ ಸಾಲಾಗಿ ಅಂಟಿಸಿದರೆ, ಎಲೆ ಮಣ್ಣಾಗುವ ಹಾದಿ ಒಂದೇ ನೋಟಕ್ಕೆ ಸಿಗುತ್ತದೆ.

ಇಲ್ಲಿ ಮಕ್ಕಳು ಎಡವುವುದು ಎರಡು ಕಡೆ. ಬಿಳಿ ಬೇರನ್ನು ಎಳೆ ಎನ್ನುತ್ತಾರೆ: ಬೇರು ಎಳೆದರೆ ಸ್ವಲ್ಪ ತಡೆದು ತುಂಡಾಗುತ್ತದೆ, ಎಳೆ ಬೆರಳು ಸೋಕಿದರೆ ಸಾಕು ಅಳಿಸಿಹೋಗುತ್ತದೆ. ಜೇಡರ ಬಲೆಯನ್ನೂ ಎಳೆ ಎನ್ನುತ್ತಾರೆ: ಬಲೆ ಎಲೆಯ ಮೇಲೆ ಬಿಗಿದು ನಿಂತಿರುತ್ತದೆ, ಎಳೆ ಎಲೆಯೊಳಕ್ಕೆ ಇಳಿದಿರುತ್ತದೆ. ಕೈಗೆ ಒದ್ದೆ ಬಟ್ಟೆ, ಮರಳಿ ಬಂದ ಮೇಲೆ ಸೋಪು. ಉಬ್ಬಸವಿರುವ ಮಕ್ಕಳಿಗೆ ತರಗು ಕೆದಕುವ ಕೆಲಸ ಬೇಡ, ಬರೆದುಕೊಳ್ಳುವ ಕೆಲಸ ಕೊಡಿ.

ಬಿದ್ದ ಕೊಂಬೆ ಸಿಕ್ಕರೆ ಬಿಡಬೇಡಿ. ಮರವನ್ನು ಗಟ್ಟಿಯಾಗಿಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ತಿಯಾಗಿ ಒಡೆಯುವ ಸಾಮರ್ಥ್ಯ ಮುಖ್ಯವಾಗಿ ಇರುವುದು ಶಿಲೀಂಧ್ರಗಳಿಗೇ. ಕೊಳೆತ ಕೊಂಬೆ ಬೆಳ್ಳಗಾಗಿ ನಾರುನಾರಾಗಿ ಸುಲಿದರೆ ಲಿಗ್ನಿನ್ ಹೋಗಿದೆ. ಕಂದಾಗಿ ಚೌಕ ಚೌಕ ತುಂಡಾಗಿ ಉದುರಿದರೆ ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿದಿದೆ. ಎರಡೂ ಬೇರೆ ಬೇರೆ ಶಿಲೀಂಧ್ರಗಳ ಕೈಕೆಲಸ.

ಹೊಂಗೆ ಎಲೆ, ನೀಲಗಿರಿ ಎಲೆ

ತರಗು ನೋಡಿದ ವಾರವೇ ಈ ಎರಡು ಬಗೆಯ ಎಲೆ ಹೂತಿಡಿ, ಯಾವುದು ಬೇಗ ಕರಗುತ್ತದೆ ಎಂಬ ಫಲ ಸಿಗಲು ಎರಡು ತಿಂಗಳು ಬೇಕು. ಸೊಳ್ಳೆಪರದೆಯ ಬಟ್ಟೆಯನ್ನು 15 ಸೆಂಟಿಮೀಟರ್ ಚೌಕದ ಚೀಲಗಳಾಗಿ ಹೊಲಿಸಿ, ಹನ್ನೆರಡು. ಹತ್ತಿಯ ಬಟ್ಟೆ ಬೇಡ, ಎಲೆಯ ಜೊತೆ ಚೀಲವೂ ಕೊಳೆಯುತ್ತದೆ. ನೆರಳಲ್ಲಿ ಒಂದು ವಾರ ಒಣಗಿಸಿದ ಹೊಂಗೆ ಎಲೆ 10 ಗ್ರಾಂನಂತೆ ಆರು ಚೀಲಕ್ಕೆ, ನೀಲಗಿರಿ ಎಲೆ 10 ಗ್ರಾಂನಂತೆ ಆರು ಚೀಲಕ್ಕೆ. ಒಂದೇ ಮರದ ಕೆಳಗೆ, ಅಂಗೈಯಗಲದಷ್ಟು ಆಳದಲ್ಲಿ, ಒಂದಕ್ಕೊಂದು ಒಂದಡಿ ದೂರದಲ್ಲಿ ಹೂಳಿ. ಪ್ರತಿ ಚೀಲಕ್ಕೂ ಪ್ಲಾಸ್ಟಿಕ್ ದಾರ ಕಟ್ಟಿ ತುದಿ ಹೊರಗೆ ಬಿಡಿ, ಮೇಲೊಂದು ಕಲ್ಲು ಹೇರಿ, ಇಲ್ಲದಿದ್ದರೆ ನಾಯಿ ಕೆದಕುತ್ತದೆ. ಮಳೆ ಕೈಕೊಟ್ಟ ವಾರದಲ್ಲಿ ಎಲ್ಲ ಚೀಲಕ್ಕೂ ಸಮನಾಗಿ ಒಂದೊಂದು ಚೊಂಬು ನೀರು.

ಮೂವತ್ತನೇ ದಿನ ಎರಡೂ ಬಗೆಯ ಮೂರು ಮೂರು ಚೀಲ, ಅರವತ್ತನೇ ದಿನ ಉಳಿದವು. ತೆಗೆದ ಎಲೆಯನ್ನು ಮೆತ್ತನೆಯ ಕುಂಚದಿಂದ ಮಣ್ಣು ಝಾಡಿಸಿ, ಮೂರು ದಿನ ಒಣಗಿಸಿ ತೂಗಿ. ಮಣ್ಣು ಉಳಿದರೆ ತೂಕ ಕಡಿಮೆಯಾಗುವ ಬದಲು ಹೆಚ್ಚಾಗಿ ಕಾಣುತ್ತದೆ, ಈ ಚಟುವಟಿಕೆ ಕೆಡುವುದು ಬಹುಪಾಲು ಇಲ್ಲಿಯೇ. ಚೀಲದಲ್ಲಿ ಗೆದ್ದಲಿನ ಮಣ್ಣುದಾರಿ ಕಂಡರೆ ಆ ಚೀಲದ ಲೆಕ್ಕ ಬೇರೆ ಬರೆಯಿರಿ.

ಹೊಂಗೆ ಬೇಗ ಕರಗುತ್ತದೆ. ಅದು ಅವರೆ, ತೊಗರಿಯಂಥ ದ್ವಿದಳಧಾನ್ಯಗಳ ಜಾತಿ, ಎಲೆಯಲ್ಲಿ ಸಾರಜನಕ ಹೆಚ್ಚು, ಎಳೆಗಳಿಗೆ ಬೇಕಾದ್ದೆಲ್ಲ ಅಲ್ಲಿದೆ. ಹಸಿರೆಲೆ ಗೊಬ್ಬರಕ್ಕೆ ಹೊಂಗೆಸೊಪ್ಪು ತುಳಿಯುತ್ತಿದ್ದ ಹಿರಿಯರ ಲೆಕ್ಕ ಇದೇ. ನೀಲಗಿರಿ ಎಲೆಯ ಮೇಲೆ ಮೇಣದ ಪದರ, ಒಳಗೆ ಎಣ್ಣೆ ಮತ್ತು ಒಗರು. ಎಳೆ ಒಳಗಿಳಿಯಲು ಹೆಣಗುತ್ತದೆ. ಎಳೆ ಕೆಲಸ ಮಾಡದಿದ್ದರೆ ಎಲೆಯಲ್ಲಿರುವ ಸಾರ ಮರಕ್ಕೆ ಮರಳಿ ಸಿಗುವುದಿಲ್ಲ ಎಂಬುದನ್ನು ಮಕ್ಕಳೇ ತೂಕದಿಂದ ಹೇಳುವಂತಾಗಬೇಕು. ನಿಸರ್ಗದಲ್ಲಿ ಶಿಲೀಂಧ್ರದ ಪಾತ್ರ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ಇಲ್ಲ.

ಬೂಷ್ಟು ಬೆಳೆಸುವುದು

ಬೇಕರಿ ಬ್ರೆಡ್ಡು, ಚಪಾತಿ, ತಣ್ಣಗಾದ ಮುದ್ದೆ ಯಾವುದಾದರೂ ಆದೀತು. ದೊಡ್ಡ ಕಂಪನಿಯ ಪ್ಯಾಕೆಟ್ ಬ್ರೆಡ್ಡಿನಲ್ಲಿ ಬೂಷ್ಟು ತಡೆಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಇರುವುದುಂಟು. ಲೇಬಲ್ಲಿನಲ್ಲಿ 282 ಎಂಬ ಅಂಕಿ ಇದ್ದರೆ ಅದೇ. ಅಂಥದ್ದು ಒಂದು ವಾರವಾದರೂ ಹಾಗೇ ಉಳಿದು ಮಕ್ಕಳ ಉತ್ಸಾಹ ಇಳಿಯಬಹುದು. ಊರಿನ ಬೇಕರಿಯದು ತನ್ನಿ.

ಮುಚ್ಚುಪಟ್ಟಿ ಇರುವ ಪಾರದರ್ಶಕ ಕವರು ನಾಲ್ಕು. ಮೊದಲನೆಯದರಲ್ಲಿ ಹತ್ತು ಹನಿ ನೀರು ಚಿಮುಕಿಸಿದ ತುಂಡು. ಎರಡನೆಯದರಲ್ಲಿ ಬಿಸಿಲಲ್ಲಿ ಗರಿಗರಿ ಒಣಗಿಸಿದ ತುಂಡು. ಮೂರನೆಯದರಲ್ಲಿ ನೀರಿನ ಬದಲು ಹತ್ತು ಹನಿ ನಿಂಬೆರಸ. ನಾಲ್ಕನೆಯದರಲ್ಲಿ ಗಟ್ಟಿ ಉಪ್ಪುನೀರು. ಮುಚ್ಚುವ ಮೊದಲು ನಾಲ್ಕೂ ತುಂಡುಗಳನ್ನು ಅರ್ಧ ಗಂಟೆ ತೆರೆದ ಮೇಜಿನ ಮೇಲಿಡಿ, ಗಾಳಿಯಲ್ಲಿರುವ ಬೀಜಾಣು ಕೂರಲಿ. ಆಮೇಲೆ ಮುಚ್ಚಿ, ಅಂಚಿಗೆ ಟೇಪು ಸುತ್ತಿ. ಒಮ್ಮೆ ಮುಚ್ಚಿದ ಕವರನ್ನು ಯಾರೂ, ನೀವೂ, ತೆರೆಯಬಾರದು.

ಎರಡು ಮೂರು ದಿನಕ್ಕೆ ಒದ್ದೆ ತುಂಡಿನ ಮೇಲೆ ಹತ್ತಿಯಂಥ ಬಿಳಿ ಎಳೆ, ಆಮೇಲೆ ಗುಂಡುಸೂಜಿಯ ತಲೆಯಂಥ ಕಪ್ಪು ಚುಕ್ಕೆ ಬಂದರೆ ರೈಜೋಪಸ್. ಹಸಿರು ಅಥವಾ ನೀಲಿಹಸಿರು ಪುಡಿಯ ತೇಪೆಗಳಾದರೆ ಆಸ್ಪರ್ಜಿಲಸ್ ಅಥವಾ ಪೆನಿಸಿಲಿಯಂ. ಬಣ್ಣ ಎಳೆಯದಲ್ಲ, ಬೀಜಾಣುವಿನದು ಎಂದು ತೋರಿಸಿ: ಮೊದಲು ಬಿಳಿ, ಆಮೇಲೆ ಬಣ್ಣ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡದ್ದು ಇಂಥದೇ ಒಂದು ಪೆನಿಸಿಲಿಯಂ ತೇಪೆಯನ್ನು, ಅದರ ಸುತ್ತ ಬ್ಯಾಕ್ಟೀರಿಯಾ ಸತ್ತಿದ್ದವು; ಪೆನಿಸಿಲಿನ್ ಔಷಧಿಯ ದಾರಿ ತೆರೆದದ್ದು ಅದೇ. ಹಲಗೆಯ ಬಲಭಾಗಕ್ಕೆ ಒಂದು ಹೆಸರು ಸೇರಿತು.

"ಬ್ರೆಡ್ಡೇ ಬೂಷ್ಟಾಯ್ತು" ಎಂದು ಮಕ್ಕಳು ಹೇಳುತ್ತಾರೆ. ಒಣ ತುಂಡನ್ನು ತೋರಿಸಿ ಕೇಳಿ: ಬ್ರೆಡ್ಡು ಅದೇ, ಬೀಜಾಣುವೂ ಅವೇ, ಇಲ್ಲಿ ಯಾಕೆ ಬರಲಿಲ್ಲ? ಮನೆಗೆ ಹೇಳಿ ಕಳಿಸಬೇಕಾದ ಮಾತೂ ಇಲ್ಲಿಯೇ ಇದೆ. ಬೂಷ್ಟು ಹಿಡಿದ ಭಾಗವನ್ನು ಚಿವುಟಿ ತೆಗೆದು ಉಳಿದದ್ದನ್ನು ತಿನ್ನಬಾರದು, ಎಳೆ ಕಾಣದಷ್ಟು ಒಳಗೆ ಹೋಗಿರುತ್ತದೆ. ಬೂಷ್ಟು ಬಂದ ಕಡಲೆಕಾಯಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಕೆಡುಕು, ಹುರಿದರೂ ಪೂರ್ತಿ ಹೋಗದು.

ಮುಗಿದ ಮೇಲೆ ಬಕೆಟ್ಟಿಗೆ ಲೀಟರಿಗೆ ಎರಡು ದೊಡ್ಡ ಚಮಚದಂತೆ ಬ್ಲೀಚಿಂಗ್ ಪೌಡರ್ ಕದಡಿ, ಬಯಲಿನಲ್ಲಿ ಕೈಗವಸು ಹಾಕಿಕೊಂಡು ನೀವೇ, ಕವರನ್ನು ನೀರಿನೊಳಗೆ ಮುಳುಗಿಸಿ ಅಲ್ಲೇ ಕತ್ತರಿಸಿ. ರಾತ್ರಿಯಿಡೀ ನೆನೆದ ಮೇಲೆ ತುಂಡನ್ನು ಹೂಳಿ.

ಇಡ್ಲಿಯ ಮಾತು ಇಲ್ಲಿ ಬಂದೇ ಬರುತ್ತದೆ. ಇಡ್ಲಿ ಹಿಟ್ಟು ಉಬ್ಬುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಂದ, ಯೀಸ್ಟ್ ಎಂಬ ಶಿಲೀಂಧ್ರದ ಪಾಲು ಸಣ್ಣದು. ಮೊಸರು ಪೂರ್ತಿ ಬ್ಯಾಕ್ಟೀರಿಯಾ. ಯೀಸ್ಟ್ ತೋರಿಸಬೇಕಾದರೆ ಬನ್ನು, ಬ್ರೆಡ್ಡಿನ ಉದಾಹರಣೆ ಕೊಡಿ. ಉಗುರುಬೆಚ್ಚಗಿನ ನೀರು 200 ಮಿಲಿ, ಸಕ್ಕರೆ ಎರಡು ಚಮಚ, ಒಣ ಯೀಸ್ಟ್ ಒಂದು ಚಮಚ ಬಾಟಲಿಗೆ ಹಾಕಿ ಬಾಯಿಗೆ ಬಲೂನು ಸಿಕ್ಕಿಸಿದರೆ ಅರ್ಧ ಗಂಟೆಯಲ್ಲಿ ಬಲೂನು ಏಳುತ್ತದೆ. ನೀರು ಕೈಗೆ ಸುಡುವಂತಿದ್ದರೆ ಯೀಸ್ಟ್ ಸಾಯುತ್ತದೆ, ಬಲೂನು ಏಳದು.

ಈಗ ಕೊಡೆ: ಬೀಜಾಣುವಿನ ಅಚ್ಚು

ಎಳೆ ಕಂಡಾಯಿತು, ಇನ್ನು ಅಣಬೆಗೆ ಬರಬಹುದು. ಅಂಗಡಿಯ ಚಿಪ್ಪು ಅಣಬೆ ತೆಗೆದುಕೊಳ್ಳಿ. ಗುಂಡಿ ಅಣಬೆಯಾದರೆ ಅಡಿಯ ಪೊರೆ ಬಿಚ್ಚಿ, ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತ ಕಂದು ಗರಿಗಳು ಕಾಣುವಂಥದೇ ಬೇಕು, ಮುಚ್ಚಿಕೊಂಡಿರುವುದು ಬೀಜಾಣು ಉದುರಿಸದು. ಕಾಂಡ ಕತ್ತರಿಸಿ, ಗರಿ ಕೆಳಮುಖವಾಗಿ ಹಾಳೆಯ ಮೇಲಿಡಿ. ಹಾಳೆಯ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ. ಬಿಳಿ ಬೀಜಾಣು ಬಿಳಿ ಹಾಳೆಯಲ್ಲಿ ಕಾಣದು. ಟೊಪ್ಪಿಯ ಮೇಲೆ ಒಂದು ಹನಿ ನೀರು ಬಿಟ್ಟು, ಲೋಟ ಮಗುಚಿ, ಮರುದಿನ ಬೆಳಗ್ಗೆ ಎತ್ತಿ. ಗರಿಗಳ ಗೆರೆಗೆರೆಯ ಚಿತ್ತಾರ ಪುಡಿಯಲ್ಲಿ ಮೂಡಿರುತ್ತದೆ. ಹಾಳೆ ಒದ್ದೆಯಾಗಿ ಕಲೆಯಷ್ಟೇ ಬಂದಿದ್ದರೆ ಅಣಬೆ ಹಳತಾಗಿ ನೀರುಬಿಟ್ಟಿದೆ ಎಂದರ್ಥ.

ಕಾಡಣಬೆಯನ್ನು ಮಕ್ಕಳು ಕೀಳುವುದು ಬೇಡ, ನೋಡಿ ಬರೆಯುವುದು ಸಾಕು. ಮುಟ್ಟಿದ ಮಾತ್ರಕ್ಕೆ ವಿಷವೇರುವುದಿಲ್ಲ, ವಿಷ ತಿಂದರೆ. ಆದರೂ ಕೈ ತೊಳೆಸಿ. ಮಳೆಯ ನಂತರ ಹುಲ್ಲಿನ ಮೈದಾನದಲ್ಲಿ ತಟ್ಟೆಯಗಲದ ಬಿಳಿ ಕೊಡೆಯೊಂದು ಏಳುತ್ತದೆ, ಮೇಲೆ ಕಂದು ಹೊಪ್ಪಳಿಕೆ, ಕಾಂಡಕ್ಕೊಂದು ಉಂಗುರ. ನೋಡಲು ತಿನ್ನುವ ಅಣಬೆಯಂತೆಯೇ ಇರುತ್ತದೆ. ಅದು ಕ್ಲೋರೋಫಿಲಂ, ತಿಂದರೆ ಒಂದೆರಡು ಗಂಟೆಯಲ್ಲೇ ವಾಂತಿ, ಭೇದಿ. ಬಲಿತಾಗ ಅದರ ಅಚ್ಚು ಹಸಿರಾಗಿ ಬರುತ್ತದೆ, ಇನ್ನೂ ಬಲಿಯದ್ದರಲ್ಲಿ ಗರಿ ಬೆಳ್ಳಗೇ ಇರುವುದರಿಂದ ಮೋಸ ಹೋಗುವುದು ಸುಲಭ. ಬೆಳ್ಳಿ ಕಪ್ಪಾಗುತ್ತದೆಯೇ, ಅರಿಸಿನದ ಬಣ್ಣ ತಿರುಗುತ್ತದೆಯೇ, ಹುಳು ತಿಂದಿದೆಯೇ ಎಂಬ ಯಾವ ಮನೆಪರೀಕ್ಷೆಯೂ ವಿಷವನ್ನು ಹಿಡಿಯದು. ಇದನ್ನು ಮಕ್ಕಳ ಬಾಯಲ್ಲಿ ಎರಡು ಸಲ ಹೇಳಿಸಿ. ಯಾರಾದರೂ ತಿಂದದ್ದು ತಿಳಿದರೆ ವಾಂತಿಯಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ, ಉಳಿದ ಅಣಬೆಯ ತುಂಡನ್ನು ಆಸ್ಪತ್ರೆಗೆ ಒಯ್ಯಬೇಕು. ಅತಿ ಅಪಾಯದ ಅಣಬೆಗಳ ಲಕ್ಷಣ ಕಾಣಲು ಆರು ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಹುತ್ತದ ಅಣಬೆಯ ಕಥೆಯನ್ನು ಮಾತ್ರ ಮನಸ್ಸಿಟ್ಟು ಹೇಳಿ. ಗೆದ್ದಲು ತಿಂದ ಸೌದೆ, ಹುಲ್ಲನ್ನು ಹುತ್ತದೊಳಗೆ ಸ್ಪಂಜಿನಂಥ ಗೂಡಾಗಿ ಕಟ್ಟಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತದೆ. ಎಳೆಗಳು ಮರವನ್ನು ಅರಗಿಸಿ ಮೆತ್ತಗೆ ಮಾಡುತ್ತವೆ, ಗೆದ್ದಲು ಅದನ್ನು ತಿನ್ನುತ್ತದೆ. ಮಳೆ ಬಿದ್ದಾಗ ಆ ತೋಟದಿಂದಲೇ ಉದ್ದ ಕಾಂಡವೊಂದು ಮಣ್ಣು ಸೀಳಿ ಮೇಲೆ ಬರುತ್ತದೆ. ಗುಡುಗಿಗೆ ಅಣಬೆ ಏಳುತ್ತದೆ ಎಂದು ಮಗು ಹೇಳಿದರೆ ನಗಬೇಡಿ; ಗುಡುಗಿನ ಜೊತೆ ಬಂದದ್ದು ಇನ್ನೇನು ಎಂದು ಕೇಳಿ. ಹುತ್ತವನ್ನು ಅಗೆಯುವುದು ಯಾವ ಕಾರಣಕ್ಕೂ ಬೇಡ, ಒಳಗೆ ಹಾವಿರಬಹುದು, ಮನೆಯವರು ಪೂಜಿಸುವ ಜಾಗವೂ ಇರಬಹುದು.

ಚಿಪ್ಪು ಅಣಬೆಯ ಮೂರು ಚೀಲ

ಅಣಬೆ ಬೀಜ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಮೊದಲೇ ವಿಚಾರಿಸಿ ಹೋಗಿ. ಹಿರೇಹಳ್ಳಿ, ಕೊನೇಹಳ್ಳಿ, ಕೋಲಾರ, ಚಿಂತಾಮಣಿಯ ಕುರುಬೂರು, ಇಲ್ಲೆಲ್ಲ ಕೃಷಿ ವಿಜ್ಞಾನ ಕೇಂದ್ರಗಳಿವೆ, ಸಲಹೆ ಕೇಳಬಹುದು. ಇದು ಬೀಜ ಎಂದು ಕರೆಸಿಕೊಂಡರೂ ಬೀಜವಲ್ಲ, ಜೋಳದಂಥ ಕಾಳಿನ ಮೇಲೆ ಹಬ್ಬಿಸಿದ ಎಳೆ. ಅದನ್ನೇ ಮೊದಲು ತೋರಿಸಿ.

ಮಳೆಗೆ ನೆನೆಯದ, ಬಂಗಾರದ ಬಣ್ಣದ ಭತ್ತದ ಹುಲ್ಲು ಒಂದೂವರೆ ಕಿಲೋ. ರಾಗಿ ಹುಲ್ಲಿನಲ್ಲೂ ಬೆಳೆಯುತ್ತದೆ, ಆದರೆ ಒತ್ತೊತ್ತಾಗಿ ಕೂರುವುದರಿಂದ ಸಡಿಲವಾಗಿ ತುಂಬಬೇಕು. ಎರಡಂಗುಲದ ತುಂಡು ಮಾಡಿ ರಾತ್ರಿ ತಣ್ಣೀರಲ್ಲಿ ನೆನೆಹಾಕಿ. ಬೆಳಗ್ಗೆ ನೀರು ಬಸಿದು, ಎರಡನೇ ಚೀಲಕ್ಕೆಂದು ಮೂರನೇ ಒಂದು ಪಾಲು ಎತ್ತಿಟ್ಟು, ಉಳಿದದ್ದನ್ನು ಬಿಸಿಯೂಟದ ಕೆಲಸ ಮುಗಿದ ಮೇಲೆ ಬೇರೆ ಪಾತ್ರೆಯಲ್ಲಿ, 80 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಮುಳುಗಿಸಿಡಿ. ಈ ಕೆಲಸ ದೊಡ್ಡವರದು. ಶುಚಿಯಾದ ಬಟ್ಟೆಯ ಮೇಲೆ ಹರಡಿ ಆರಿಸಿ. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ಹನಿ ಬೀಳಬಾರದು, ಹದ ಅದು.

ಹನ್ನೆರಡು ಹದಿನೆಂಟು ಅಂಗುಲದ ಪಾರದರ್ಶಕ ಚೀಲ ಮೂರು, ತಲಾ ಅರ್ಧ ಕಿಲೋ ಒಣಹುಲ್ಲಿನ ಲೆಕ್ಕ, ತಲಾ 60 ಗ್ರಾಂ ಬೀಜ. ಮೊದಲ ಚೀಲ ಸರಿಯಾದ ಕ್ರಮದಲ್ಲಿ. ಎರಡನೆಯದಕ್ಕೆ ಬಿಸಿನೀರು ಕಾಣಿಸದ, ಬರೀ ನೆನೆಸಿದ ಹುಲ್ಲು. ಮೂರನೆಯದಕ್ಕೆ ಬಿಸಿನೀರಿನದೇ ಹುಲ್ಲು, ಆದರೆ ಆರಿಸದೆ ಹನಿ ತೊಟ್ಟಿಕ್ಕುವಾಗಲೇ. ನಾಲ್ಕು ಅಂಗುಲ ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು, ಹೀಗೆ ನಾಲ್ಕು ಪದರ. ಬಾಯಿ ಕಟ್ಟಿ, ಸುಟ್ಟು ಶುಚಿ ಮಾಡಿದ ಸೂಜಿಯಿಂದ ಹನ್ನೆರಡು ತೂತು. ಸೋಪು ಹಾಕಿ ತೊಳೆದ ಕೈ ಮಾತ್ರ ಹುಲ್ಲು ಮುಟ್ಟಬೇಕು.

ಕತ್ತಲ ಕೋಣೆಯಲ್ಲಿ ಹದಿನೈದರಿಂದ ಇಪ್ಪತ್ತು ದಿನ. ಮಕ್ಕಳು ಮೂರು ದಿನಕ್ಕೊಮ್ಮೆ ಚೀಲದ ಹೊರಗೆ ಮಾರ್ಕರಿನಿಂದ ಎಳೆಯ ಅಂಚಿಗೆ ಗೆರೆ ಎಳೆದು ತಾರೀಕು ಬರೆಯಲಿ. ಎಳೆ ದಿನಕ್ಕೆ ಎಷ್ಟು ಮಿಲಿಮೀಟರ್ ನಡೆಯುತ್ತದೆ ಎಂಬ ಲೆಕ್ಕ ಅವರ ಕೈಯಲ್ಲೇ ಇರುತ್ತದೆ. ಎರಡನೇ ಚೀಲದಲ್ಲಿ ಹಸಿರು ತೇಪೆ ಬಂದರೆ ಅದು ಬಹುಪಾಲು ಟ್ರೈಕೋಡರ್ಮಾ ಎಂಬ ಇನ್ನೊಂದು ಶಿಲೀಂಧ್ರ. ತೋಟದಲ್ಲಿ ಬೇರುಕೊಳೆ ತಡೆಯಲು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸುವುದು ಇದೇ ಕುಲದ್ದನ್ನು. ಹೊಲದಲ್ಲಿ ನೆಂಟ, ಚೀಲದಲ್ಲಿ ಕಳ್ಳ: ಶಿಲೀಂಧ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಎಲ್ಲಿ, ಯಾರಿಗೆ ಎಂದು ಕೇಳದೆ ಪೂರ್ತಿಯಾಗದು ಎಂಬುದಕ್ಕೆ ಈ ಚೀಲವೇ ಸಾಕ್ಷಿ. ಮೂರನೆಯದು ಹುಳಿನಾತ ಬಂದು ತಳದಲ್ಲಿ ಕಪ್ಪಾಗುತ್ತದೆ. ನೀರು ಗಾಳಿಯ ಜಾಗ ತುಂಬಿದ್ದರಿಂದ ಎಳೆಗೆ ಉಸಿರಿಲ್ಲ, ಬ್ಯಾಕ್ಟೀರಿಯಾ ಗೆದ್ದಿವೆ. ಕೆಟ್ಟ ಚೀಲಗಳನ್ನು ಒಳಗೆ ತೆರೆಯದೆ ದೂರದ ತಿಪ್ಪೆಗೆ ಒಯ್ಯಿರಿ.

ಮೊದಲ ಚೀಲ ಪೂರ್ತಿ ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ ಸೀಳಿ, ಗಾಳಿ ಮತ್ತು ಓದಲು ಸಾಕಾಗುವಷ್ಟು ಬೆಳಕಿರುವ ಕಡೆ ತೂಗುಹಾಕಿ. ದಿನಕ್ಕೆ ಎರಡು ಮೂರು ಸಲ ನೀರು ಸಿಂಪಡಿಸಿ. ಶನಿವಾರ, ಭಾನುವಾರದ ಪಾಳಿ ಯಾರದೆಂದು ಮೊದಲೇ ಬರೆದಿಡಿ, ಒಂದೇ ರಜೆಯಲ್ಲಿ ಮೊಳಕೆಗಳು ಒಣಗಿಹೋಗುತ್ತವೆ. ಕಾಂಡ ಉದ್ದವಾಗಿ ಟೊಪ್ಪಿ ಚಿಕ್ಕದಾದರೆ ಕೋಣೆಯಲ್ಲಿ ಗಾಳಿ ಸಾಲದು. ಟೊಪ್ಪಿಯ ಅಂಚು ಮೇಲಕ್ಕೆ ಮಡಚಿಕೊಳ್ಳುವ ಮೊದಲೇ ಕೊಯ್ಯಿರಿ. ತಡವಾದರೆ ಬೀಜಾಣು ಹೊಗೆಯಂತೆ ಹಾರಿ ಕೆಲವರಿಗೆ ಕೆಮ್ಮು ಬರುತ್ತದೆ. ಎರಡು ಮೂರು ಕೊಯ್ಲಾದ ಮೇಲೆ ಉಳಿದ ಹುಲ್ಲನ್ನು ಮುರಿಸಿ ನೋಡಿ. ಎಳೆದರೂ ತುಂಡಾಗದಿದ್ದ ಹುಲ್ಲು ಬೆರಳಲ್ಲಿ ಪುಡಿಯಾಗುತ್ತದೆ. ಅದನ್ನು ಕೈತೋಟದ ಮಣ್ಣಿಗೆ ಬೆರೆಸಿ.

ಬಂಡೆಯ ಮೇಲೆ

ದೇವರಾಯನದುರ್ಗ, ಸಿದ್ದರಬೆಟ್ಟ, ನಂದಿಬೆಟ್ಟ, ಅಂತರಗಂಗೆ, ಎಲ್ಲಿಗೆ ಪ್ರವಾಸ ಹೋದರೂ ಬಂಡೆಯ ಮೇಲೆ ಬೂದು, ಹಳದಿ, ಕಿತ್ತಳೆ ತೇಪೆಗಳಿರುತ್ತವೆ. ಮಸಾಲೆ ಡಬ್ಬಿಯ ಕಲ್ಲುಹೂವನ್ನು ಮೊದಲೇ ತೋರಿಸಿದ್ದರೆ ಮಕ್ಕಳೇ ಗುರುತಿಸುತ್ತಾರೆ. ಕಲ್ಲುಹೂವು ಎಂದರೆ ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೋಡಿ: ಶಿಲೀಂಧ್ರದ ಎಳೆ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಒಳಗಿನ ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ. ಕೆರೆಯಬೇಡಿ, ಹಲವು ಜಾತಿಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ ಬೆಳೆಯುತ್ತವೆ. ಒಣ ತೇಪೆಯ ಮೇಲೆ ಎರಡು ಹನಿ ನೀರು ಬಿಟ್ಟು ಕಾಯಿರಿ. ಕೆಲವು ನಿಮಿಷದಲ್ಲಿ ಹಸಿರು ಮೇಲೆ ಬರುತ್ತದೆ.

ಬೇರಿಗಂಟಿದ ಶಿಲೀಂಧ್ರ ಮೈಕೋರೈಜಾವನ್ನು ಕಣ್ಣಿಗೆ ತೋರಿಸುವ ಪ್ರಯತ್ನ ಬೇಡ. ರಾಗಿ ಬೇರಿನಲ್ಲಿ ಅದಿರುತ್ತದೆ, ರಂಜಕ ತಂದುಕೊಟ್ಟು ಸಕ್ಕರೆ ಪಡೆಯುತ್ತದೆ, ಆದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡದೆ ಕಾಣದು. ಬೇರುಗೂದಲನ್ನು ತೋರಿಸಿ "ಇದೇ" ಎನ್ನುವುದು ತಪ್ಪಾಗುತ್ತದೆ. ನೀಲಗಿರಿ ತೋಪಿನಲ್ಲಿ ಮಳೆಯ ನಂತರ ಆಲೂಗಡ್ಡೆಯಂಥ, ಒತ್ತಿದರೆ ಕಂದು ಪುಡಿ ಹಾರುವ ಉಂಡೆಗಳು ಸಿಕ್ಕರೆ, ಅವು ಆ ಮರದ ಬೇರಿನ ಜೊತೆಗಾರ ಶಿಲೀಂಧ್ರದವು ಇರಬಹುದು ಎಂದು ದೂರದಿಂದ ತೋರಿಸಿ.

ಮತ್ತೆ ಅರ್ಧ ಹಾಳೆ

ಅರವತ್ತನೇ ದಿನದ ತೂಕ ಬರೆದ ಮೇಲೆ, ಮೊದಲ ದಿನದ ಮಾತನ್ನೇ ಹೇಳಿ ಮತ್ತೆ ಚಿತ್ರ ಬರೆಸಿ. ಹಳೆಯ ಹಾಳೆಯನ್ನು ಪಕ್ಕದಲ್ಲಿಟ್ಟು ನಾಲ್ಕು ವಿಷಯ ನೋಡಿ: ಕೆಳಗೆ ಬೇರಿನ ಬದಲು ಎಳೆಯ ಬಲೆ ಬಂದಿದೆಯೇ, ಎಳೆ ಯಾವುದಾದರೂ ಎಲೆ, ಸೌದೆ ಅಥವಾ ಮರದ ಬೇರನ್ನು ಮುಟ್ಟಿದೆಯೇ ಅಥವಾ ಸುಮ್ಮನೆ ಮಣ್ಣಲ್ಲಿ ತೇಲುತ್ತಿದೆಯೇ, ಬೀಜಾಣು ಗರಿಯಿಂದ ಬೀಳುತ್ತಿದೆಯೇ, ಕೊಡೆಗಿಂತ ಎಳೆಗೆ ಹೆಚ್ಚು ಜಾಗ ಸಿಕ್ಕಿದೆಯೇ. ಎಳೆ ಹೀಗೆ ಮುಟ್ಟಿರುವುದು ಯಾರ ಚಿತ್ರದಲ್ಲಿ ಇಲ್ಲವೋ ಆ ಮಕ್ಕಳನ್ನು ಇನ್ನೊಮ್ಮೆ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ, ಅಂಟಿದ ಎರಡು ಎಲೆಗಳನ್ನು ಅವರ ಕೈಯಿಂದಲೇ ಬಿಡಿಸಿ.